ಜೂಲಿ ಯಾಕೆ ನಡುಗುತ್ತಿದ್ದಳು

ಅದು 2002ನೇ ಇಸವಿಯ ಜನವರಿ ತಿಂಗಳು. ಮಣಿಪಾಲದ ಹುಡುಗಿಯರ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದ ನಾನು ನಿವೃತ್ತಳಾಗಿ, ಕಾಪುವಿನ ಒಂದು ಓಣಿಯಲ್ಲಿ ಸಣ್ಣ ಮನೆ ಮಾಡಿಕೊಂಡು ಎರಡು ವರ್ಷವಾಗಿತ್ತು. ಮದುವೆಯಾದವಳಲ್ಲ. ಕಾರ್ಕಳದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವಳು. ಆಮೇಲೆ ಜೀವನವಿಡೀ ಬೇರೆಯವರಿಗೆ ಗಂಟೆ ಹೊಡೆದವಳು. ನನ್ನ ತಂಗಿ ಎಮಿಲಿ ಹೇಳುವಂತೆ ನನಗೆ ಕೋಪ ಬರುವುದು ಕಡಿಮೆ, ಬಂದರೆ ಹೋಗುವುದು ಇನ್ನೂ ಕಡಿಮೆ. ಈಗ ಬರೆಯುತ್ತಿರುವ ಈ ಒಂದು ಕೋಪವಂತೂ ಇಷ್ಟು ವರ್ಷವಾದರೂ ಹೋಗಿಲ್ಲ.

ಜೂಲಿ ಎಂಬುದು ನನ್ನ ನಾಯಿ. ಹಿರಿಯಡ್ಕದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಹುಟ್ಟಿದ ಕಂದು ಬಣ್ಣದ ಊರ ನಾಯಿಮರಿ. ಆಗ ಅವಳಿಗೆ ಎಂಟು ತಿಂಗಳಿರಬೇಕು. ನಾಯಿಗೂ ನಾನು ದಿನಚರಿ ಹಾಕಿಕೊಟ್ಟಿದ್ದೆ. ಬೆಳಿಗ್ಗೆ ಲೈಟ್‌ಹೌಸಿನವರೆಗೆ ನಡಿಗೆ, ಬಂದ ಮೇಲೆ ಗಂಜಿ, ಮಧ್ಯಾಹ್ನ ಮೀನಿನ ತಲೆ ಹಾಕಿ ಬೇಯಿಸಿದ ಅನ್ನ, ಸಂಜೆ ಅಂಗಳದಲ್ಲಿ ಆಟ. ಕೆಲವೇ ವಾರಗಳಲ್ಲಿ ಅವಳು ಹಾಸ್ಟೆಲಿನ ಎಷ್ಟೋ ಹುಡುಗಿಯರಿಗಿಂತ ಚೆನ್ನಾಗಿ ಹೊತ್ತು ತಿಳಿದುಕೊಂಡಳು. ಅವಳಿಗಿದ್ದದ್ದು ಒಂದೇ ಒಂದು ಕೆಟ್ಟ ಚಾಳಿ. ಮೀನು ಮಾರುವವನು ಬೈಕಿನಲ್ಲಿ ಬಂದು ನಮ್ಮ ಗೇಟಿನ ಮುಂದೆ ಹಾರ್ನ್ ಒತ್ತಿದನೆಂದರೆ, ಓಣಿಗೆ ಓಣಿಯೇ ಎದ್ದು ಕೂರುವಂತೆ ಬೊಗಳುತ್ತಿದ್ದಳು.

ಪಕ್ಕದ ಮನೆ ವಾರಿಜಕ್ಕನದು. ನನ್ನದೇ ವಯಸ್ಸಿನವರು. ಓಣಿಯಲ್ಲಿ ಎಲ್ಲರಿಗೂ ಬೇಕಾದವರು, ಬಾಯಿ ತುಂಬ ನಗುವವರು. ಮಟ್ಟುಗುಳ್ಳ ಬದನೆಯ ಹುಳಿ ಮಾಡಿದರೆ ನನಗೊಂದು ಬಟ್ಟಲು ಬರುತ್ತಿತ್ತು. ಕ್ರಿಸ್ಮಸಿಗೆ ನಾನು ಮಾಡಿದ ತಿಂಡಿಯಲ್ಲಿ ಅವರಿಗೊಂದು ಡಬ್ಬಿ ಹೋಗುತ್ತಿತ್ತು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ಸ್ವಲ್ಪ ಮೊದಲು ಅವರ ಮಗಳು ಶೋಭಾ ಹೆರಿಗೆಗೆಂದು ತಾಯಿಮನೆಗೆ ಬಂದಿದ್ದಳು. ಡಿಸೆಂಬರಿನಲ್ಲಿ ಗಂಡು ಮಗು ಹುಟ್ಟಿತು. ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಮಾಡಿಸಿ ಮಲಗಿಸುವ ಗಡಿಬಿಡಿ ನನ್ನ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

ಹೊಸ ವರ್ಷ ಬಂದ ಮೇಲೆ ವಾರಿಜಕ್ಕ ಜೂಲಿಗೆ ಹಾಲು ತರಲು ಶುರು ಮಾಡಿದರು.

"ಬಾಣಂತಿಗೆ ಅಂತ ಹಾಲು ಜಾಸ್ತಿ ತರಿಸುವುದು ಬಾಯಿ, ಉಳಿಯುತ್ತದೆ. ಈ ಪಾಪದ ಜೀವ ಕುಡಿಯಲಿ" ಎಂದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ.

ನನಗೆ ನಿಜವಾಗಿ ಸಂತೋಷವಾಯಿತು. ದಿನಾ ಬೆಳಿಗ್ಗೆ ಅವರು ಕಂಪೌಂಡ್ ಗೋಡೆಯ ಹತ್ತಿರ ಬಂದು ಸ್ಟೀಲಿನ ಬಟ್ಟಲಿಗೆ ಚಮಚದಿಂದ ಟಿಣ್ ಟಿಣ್ ಎಂದು ಬಡಿಯುವರು. "ಜೂಲೀ, ಬಾ ಮಗಾ, ಬಾ" ಎಂದು ಕರೆಯುವರು. ಇವಳು ಕಿವಿ ಹಿಂದೆ ಮಾಡಿ, ಇಡೀ ಮೈಯನ್ನೇ ಬಾಲ ಮಾಡಿಕೊಂಡು ಓಡುವಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ, "ದೇವರು ನಿಮಗೆ ಒಳ್ಳೆಯದು ಮಾಡಲಿ ವಾರಿಜಕ್ಕ" ಎನ್ನುತ್ತಿದ್ದೆ. ಒಂದಲ್ಲ, ಹಲವು ಸಲ ಹೇಳಿದ್ದೇನೆ. ಅದನ್ನು ನೆನೆದರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಜೂಲಿ ಬಾವಿಕಟ್ಟೆಯ ಬದಿಯಲ್ಲಿ ನಿಂತು ನಡುಗುತ್ತಿದ್ದಳು. ಚಳಿಯೇನೂ ಇರಲಿಲ್ಲ. ಮೊದಲು ಹಿಂಗಾಲುಗಳು, ಆಮೇಲೆ ಬೆನ್ನು, ಕೊನೆಗೆ ತಲೆ. ಹತ್ತಿರ ಕರೆದರೆ ಎರಡು ಹೆಜ್ಜೆ ಇಟ್ಟು ಗೋಡೆಗೆ ಒರಗಿದಳು. ಕಣ್ಣು ಎಲ್ಲೋ ಇತ್ತು. ಇಲ್ಲದ ನೊಣವನ್ನು ಹಿಡಿಯುವವಳಂತೆ ಗಾಳಿಯನ್ನು ಕಚ್ಚುತ್ತಿದ್ದಳು. ಎದೆಗೆ ಕೈ ಇಟ್ಟು ನೋಡಿದೆ. ಬಡಿತ ಒಂದರ ಮೇಲೊಂದು ಬೀಳುತ್ತಿತ್ತು. ಮಡಿಲಲ್ಲಿ ಹಾಕಿಕೊಂಡು ಕೂತೆ. ಸಂಜೆಯಾಗುವಾಗ ಇಳಿಯಿತು. ಮರುದಿನ ಬೆಳಿಗ್ಗೆ ಏನೂ ಆಗದವಳಂತೆ ನನ್ನ ಜತೆ ಲೈಟ್‌ಹೌಸಿನವರೆಗೆ ಬಂದಳು. ಹತ್ತು ಗಂಟೆಯ ಮೇಲೆ ಮತ್ತೆ ನಡುಕ.

ಹುಳದ ಮಾತ್ರೆ ಕೊಟ್ಟೆ. ಕ್ಯಾಲ್ಸಿಯಂ ಟಾನಿಕ್ ಕುಡಿಸಿದೆ. ಒಂದು ದಿನ ಇರುವುದಿಲ್ಲ, ಎರಡು ದಿನ ಬರುತ್ತದೆ. ಬಂದಾಗಲೆಲ್ಲ ಮೊದಲಿಗಿಂತ ಜೋರು. ವಾರಿಜಕ್ಕ ಗೋಡೆಯ ಆ ಕಡೆಯಿಂದ ನೋಡಿ, "ಇದು ದೃಷ್ಟಿ ಬಾಯಿ, ಚಂದದ ನಾಯಿ ಅಲ್ವಾ, ಯಾರದೋ ಕಣ್ಣು ಬಿದ್ದಿದೆ" ಎಂದರು. ಅವರೇ ಉಪ್ಪು ಮೆಣಸು ತಂದು ಜೂಲಿಯ ಸುತ್ತ ಮೂರು ಸಲ ಇಳಿಸಿ ಒಲೆಗೆ ಹಾಕಿದರು. ನನಗೆ ಇಂಥದರಲ್ಲಿ ನಂಬಿಕೆ ಇಲ್ಲ. ಆದರೂ ಬೇಡ ಎನ್ನಲಿಲ್ಲ. ನನ್ನ ನಾಯಿಗಾಗಿ ಇಷ್ಟು ಕಷ್ಟಪಡುತ್ತಾರಲ್ಲ ಎಂದು ಅವರಿಗೆ ಚಹಾ ಮಾಡಿ ಕೊಟ್ಟೆ.

ಕೊನೆಗೆ ಉಡುಪಿಯಲ್ಲಿ ಹೆಸರಿದ್ದ ಒಬ್ಬ ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಿಕ್ಷಾ ಸಿಕ್ಕಿ ಅಲ್ಲಿಗೆ ಮುಟ್ಟುವಾಗ ಸಂಜೆಯಾಗಿತ್ತು. ಜೂಲಿಯ ನಡುಕ ಇಳಿದಿತ್ತು. ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಮೇಜಿನ ಮೇಲಿಂದ ಬಗ್ಗಿ ನೋಡಿದರು.

"ಈಗ ನಡುಗುತ್ತಾ ಇಲ್ಲವಲ್ಲ?"

"ಬೆಳಿಗ್ಗೆ ನಡುಗುತ್ತಾಳೆ, ಸಂಜೆಗೆ ಸರಿಯಾಗುತ್ತಾಳೆ. ಅದು ಯಾಕೆ ಅಂತ ಕೇಳಲಿಕ್ಕೇ ಬಂದದ್ದು."

"ಗಾಳಿ ಕಚ್ಚುತ್ತದಾ?"

"ಹೌದು."

"ಡಿಸ್ಟೆಂಪರ್, ನಾಯಿಗಳಿಗೆ ಬರುವ ಕಾಯಿಲೆ. ನರಕ್ಕೆ ಹೋಗಿದೆ."

"ಲಸಿಕೆ ಹಾಕಿಸಿದ್ದೇನೆ ಡಾಕ್ಟ್ರೇ. ಜ್ವರ ಇಲ್ಲ, ಮೂಗು ಸುರಿಯುವುದಿಲ್ಲ, ಊಟ ಸರಿ ಉಂಟು."

"ಲಸಿಕೆ ಹಾಕಿದರೂ ಬರುತ್ತದೆ ಅಮ್ಮ. ಊರ ನಾಯಿ ಅಲ್ವಾ, ಇನ್ನೊಂದು ಸಿಗುತ್ತದೆ ನಿಮಗೆ. ಮುಂದಿನ ಸೋಮವಾರ ತನ್ನಿ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವ. ನೋವಾಗುವುದಿಲ್ಲ."

ಅವರ ಕೈ ಆಗಲೇ ಫೋನಿನ ಮೇಲಿತ್ತು. ಥರ್ಮಾಮೀಟರ್ ಇಡಲಿಲ್ಲ, ಎದೆ ಮುಟ್ಟಲಿಲ್ಲ, ಅವಳು ಏನು ತಿನ್ನುತ್ತಾಳೆ ಎಂದು ಕೇಳಲಿಲ್ಲ. ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳು ತಲೆನೋವು ಎಂದರೂ ನಾನು ಮೊದಲು ಕೇಳುತ್ತಿದ್ದದ್ದು, "ಬೆಳಿಗ್ಗೆ ಏನು ತಿಂದೆ?" ಎಂದು. ಆದರೂ ಅವರು ಓದಿದವರು, ನಾನು ಓದದ ವಿಷಯ ಅದು. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ರಿಕ್ಷಾದಲ್ಲಿ ಜೂಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ಉದ್ದಕ್ಕೂ ದಾರಿಯ ದೀಪಗಳನ್ನು ನೋಡುತ್ತಿದ್ದಳು.

ವಿಷಯ ಕೇಳಿ ವಾರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಯ್ಯೋ ದೇವರೇ. ಸೋಮವಾರದವರೆಗೆ ಹಾಲಾದರೂ ಹೊಟ್ಟೆ ತುಂಬ ಕುಡಿಯಲಿ ಬಾಯಿ."

ಅದೇ ವಾರ ಕಾರ್ಕಳದಲ್ಲಿ ನಮ್ಮ ಅಮ್ಮನ ವರ್ಷದ ಪೂಜೆಯಿತ್ತು. ಎಮಿಲಿಯ ಮನೆಗೆ ಹೋಗಿ ಮೂರು ದಿನ ಇದ್ದು ಬರಬೇಕಿತ್ತು. "ನಾಯಿಯನ್ನು ನನ್ನ ಹತ್ತಿರ ಬಿಟ್ಟು ಹೋಗಿ" ಎಂದು ವಾರಿಜಕ್ಕ ಹೇಳಿದರು. ಅವಳ ಕೊನೆಯ ದಿನಗಳು, ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಬಾಡಿಗೆ ಕಾರು ಮಾಡಿ ಕರೆದುಕೊಂಡೇ ಹೋದೆ.

ಮೊದಲ ದಿನ ಅವಳು ನಡುಗುವುದನ್ನು ಕಾಯುತ್ತಾ ಕೂತೆ. ನಡುಗಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಎಮಿಲಿಯ ಕೋಳಿಯೊಂದನ್ನು ಬೆನ್ನಟ್ಟಿಕೊಂಡು ಮನೆಗೆ ಮೂರು ಸುತ್ತು ಬಂದಳು.

ಎಮಿಲಿ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡೇ ನಿಂತು ನಕ್ಕಳು. "ಇದಕ್ಕಾ ಅಕ್ಕ ಇಂಜೆಕ್ಷನ್? ನನ್ನ ಕೋಳಿಗೆ ಕೊಡಿಸು, ಅದೇ ಈಗ ನಡುಗುತ್ತಾ ಇರುವುದು."

ನನಗೆ ನಗು ಬರಲಿಲ್ಲ. ಅವಳು ನನ್ನ ಮುಖ ನೋಡಿ ಹತ್ತಿರ ಬಂದಳು. "ಅಲ್ಲ, ಕಾಪುವಿನಲ್ಲಿ ಉಂಟು, ಕಾರ್ಕಳದಲ್ಲಿ ಇಲ್ಲ ಅಂತಾದರೆ ಅದೆಂತ ಕಾಯಿಲೆ? ಕಾಯಿಲೆಗೆ ರಜೆ ಉಂಟಾ?"

ಅವಳು ಹೇಳಿದ್ದು ಸರಿ. ಹಾಸ್ಟೆಲಿನಲ್ಲಿ ನಾಲ್ಕು ಹುಡುಗಿಯರು ಒಟ್ಟಿಗೆ ವಾಂತಿ ಮಾಡಿದರೆ ಡಾಕ್ಟರು ಬರುವ ಮೊದಲೇ ನಾನು ಅಡುಗೆಮನೆಗೆ ಬೀಗ ಹಾಕುತ್ತಿದ್ದೆ. ಅದೇ ಬುದ್ಧಿ ನನ್ನ ಮನೆಯ ವಿಷಯದಲ್ಲಿ ಯಾಕೆ ಓಡಲಿಲ್ಲವೋ. ಶನಿವಾರ ಸಂಜೆ ಕಾಪುವಿಗೆ ಬಂದವಳೇ ಕೆಲಸ ಶುರು ಮಾಡಿದೆ. ನೆಲ ಒರೆಸುವ ಫಿನಾಯಿಲ್ ಹೊರಗೆ. ಸೊಳ್ಳೆಬತ್ತಿ ಹೊರಗೆ. ಇಲಿ ಪಾಷಾಣವನ್ನು ನಾನು ಇಡುವವಳೇ ಅಲ್ಲ, ಆದರೂ ಕಪಾಟಿನ ಹಿಂದೆಲ್ಲ ಹುಡುಕಿದೆ. ಅಕ್ಕಿ ಎಮಿಲಿಯ ಮನೆಯಿಂದಲೇ ತಂದದ್ದು, ನೀರು ಕುದಿಸಿ ಆರಿಸಿದ್ದು. ಮೀನು ಬಂದ್. ಎಲ್ಲವನ್ನೂ ಸೋಸಿದೆ. ನನ್ನ ಅಡುಗೆಮನೆಯನ್ನು ಮಾತ್ರ.

ಮರುದಿನ ಭಾನುವಾರ. ಬೆಳಿಗ್ಗೆ ಜೂಲಿ ಚೆನ್ನಾಗಿದ್ದಳು. ಅಂಗಳದಲ್ಲಿ ಬಿಟ್ಟು, ಗೇಟು ಹಾಕಿ ಇಗರ್ಜಿಗೆ ಹೋದೆ. ಪೂಜೆ ಮುಗಿಸಿ ಬರುವಾಗ ಅವಳು ಮೆಟ್ಟಿಲ ಕೆಳಗೆ ಅಡ್ಡ ಬಿದ್ದಿದ್ದಳು. ಅಂಥ ನಡುಕವನ್ನು ಅದುವರೆಗೆ ನೋಡಿರಲಿಲ್ಲ. ಉಗುರುಗಳು ಸಿಮೆಂಟಿಗೆ ಬಡಿದು ಟಕಟಕ ಸದ್ದು ಬರುತ್ತಿತ್ತು. ಪಕ್ಕದಲ್ಲಿ ವಾಂತಿ ಮಾಡಿದ ಹಾಲು.

ಚರ್ಚಿನ ಸೀರೆಯಲ್ಲೇ ನೆಲಕ್ಕೆ ಕೂತು ಅವಳ ಮೂತಿಯನ್ನು ಬೈರಾಸಿನಿಂದ ಒರೆಸಿದೆ. ಬೈರಾಸಿನಿಂದ ಒಂದು ಪರಿಮಳ ಬಂತು. ಹಾಲು ಹುಳಿಯಾದ ವಾಸನೆಯ ಒಳಗೆ ಇನ್ನೊಂದು, ಬೆಚ್ಚಗಿನ, ಖಾರದ ಪರಿಮಳ. ಅದು ನನ್ನ ಬಾಲ್ಯದ ಪರಿಮಳ. ನಾನು ನಮ್ಮ ಮನೆಯ ಹಿರಿಯ ಮಗಳು. ಬೋರ್ಡಿಂಗಿಗೆ ಹೋಗುವ ಮೊದಲು ಕೆಳಗಿನ ಮಕ್ಕಳಿಗೆಲ್ಲ ಜಾಯಿಕಾಯಿ ತೇಯುವುದು ನನ್ನ ಕೆಲಸವಾಗಿತ್ತು. ಮಗು ರಂಪ ಮಾಡಿದರೆ ಜಾಯಿಕಾಯಿಯನ್ನು ಕಲ್ಲಿನ ಮೇಲೆ ಹಾಲಿನಲ್ಲಿ ತೇಯ್ದು ನಾಲಿಗೆಗೆ ಹಚ್ಚುವುದು, ಮಗು ನಿದ್ದೆ ಹೋಗುವುದು. ನಮ್ಮ ಊರಿನ ಎಲ್ಲ ಮನೆಗಳಲ್ಲೂ, ಎಲ್ಲ ಜಾತಿಯಲ್ಲೂ ಇದ್ದ ಪದ್ಧತಿ. ಅಮ್ಮ ನನ್ನ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. "ಎರಡೇ ಸುತ್ತು ಸಿಸಿಲಿ. ಮೂರನೆಯದು ತೇಯಬೇಡ, ಅದು ಅಮಲು" ಎನ್ನುತ್ತಿದ್ದರು.

ನಾನು ಎದ್ದೆ. ಜೂಲಿಯನ್ನು ಎತ್ತಿಕೊಂಡೇ ಪಕ್ಕದ ಮನೆಗೆ ಹೋದೆ. ವಾರಿಜಕ್ಕ ಹಿಂದಿನ ಜಗಲಿಯಲ್ಲಿ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದರು. ಅವರ ಪಕ್ಕದಲ್ಲೇ ತೇಯುವ ಕಲ್ಲು. ಅದರ ಮೇಲೆ ಅರ್ಧಕ್ಕಿಂತಲೂ ಸವೆದ ಜಾಯಿಕಾಯಿ.

"ವಾರಿಜಕ್ಕ, ಜೂಲಿಯ ಹಾಲಿಗೆ ಇದನ್ನು ಹಾಕಿದಿರಾ?"

ಅವರು ತಡವರಿಸಲೂ ಇಲ್ಲ. "ಹೌದು ಬಾಯಿ. ಮತ್ತೆಂತ ಮಾಡುವುದು? ಮಗು ಮಿಂದು ಮಲಗುವ ಹೊತ್ತಿಗೇ ಆ ಮೀನಿನವನು ಬರುವುದು, ಇದು ಬೊಗಳುವುದು, ಮಗು ಬೆಚ್ಚಿ ಬೀಳುವುದು. ಮಗುವಿಗೆ ತೇಯುವಾಗ ಇದಕ್ಕೂ ಸ್ವಲ್ಪ ತೇಯ್ದೆ. ಸುಮ್ಮನೆ ಮಲಗಲಿ ಅಂತ."

"ಸ್ವಲ್ಪ ಅಂದರೆ ಎಷ್ಟು?"

"ಮೊದಲು ಸ್ವಲ್ಪವೇ. ಅದು ಮಲಗಲಿಲ್ಲ. ಆಮೇಲೆ ಅರ್ಧ ಕಾಯಿ ತೇಯ್ದೆ. ನಾಯಿ ಅಲ್ವಾ, ತಡೆದುಕೊಳ್ಳುತ್ತದೆ."

"ಇವಳನ್ನು ನೋಡಿ! ಹೇಗೆ ತಡೆದುಕೊಂಡಿದ್ದಾಳೆ ನೋಡಿ!"

ಅಷ್ಟು ದೊಡ್ಡ ಸ್ವರ ನನ್ನದೆಂದು ನನಗೇ ಗೊತ್ತಿರಲಿಲ್ಲ. ಒಳಗೆ ಮಗು ಎಚ್ಚರವಾಗಿ ಅತ್ತಿತು.

ವಾರಿಜಕ್ಕನ ನಗು ಹೋಯಿತು. "ಎಂತ ಬಾಯಿ, ನಾನೇನು ವಿಷ ಹಾಕಿದ್ದೇನಾ? ಜಾಯಿಕಾಯಿ ಅಲ್ವಾ? ನನ್ನ ಮೂರು ಮಕ್ಕಳೂ ಅದನ್ನು ನೆಕ್ಕಿಯೇ ದೊಡ್ಡವರಾದದ್ದು. ಒಬ್ಬ ಇಂಜಿನಿಯರ್ ಆಗಿದ್ದಾನೆ, ಗೊತ್ತುಂಟಾ? ಹಸುಳೆಗೆ ಕೊಡುವಂಥದ್ದು ನಾಯಿಗೆ ವಿಷ ಆಗುತ್ತದಾ?"

ಶೋಭಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ನನ್ನ ಕೈಯಲ್ಲಿದ್ದ ಜೂಲಿಯನ್ನು ನೋಡಿ ಅವಳ ಮುಖ ಬಿಳಿಚಿತು.

"ಅಮ್ಮ, ನಾನು ಅವತ್ತೇ ಹೇಳಿದೆ. ಇದು ಕೊಟ್ಟ ದಿನವೇ ನಾಯಿಗೆ ನಡುಕ ಬರುವುದು, ಕೊಡಬೇಡ ಅಂತ."

ಮಗು ಅಳುತ್ತಲೇ ಇತ್ತು.

ಅದುವರೆಗೆ ನನ್ನ ಕೋಪಕ್ಕೆ ಒಂದು ಮಿತಿಯಿತ್ತು. ಹಳೆಯ ಕಾಲದ ಹೆಂಗಸು, ತಿಳಿಯದೆ ಮಾಡಿದರು ಎಂದುಕೊಳ್ಳುವ ದಾರಿಯೊಂದು ತೆರೆದಿತ್ತು. ಶೋಭಾಳ ಮಾತಿನಿಂದ ಅದು ಮುಚ್ಚಿತು. ಉಪ್ಪು ಮೆಣಸು ಇಳಿಸಿದ ಕೈ, ಸೆರಗಿನಿಂದ ಒರೆಸಿಕೊಂಡ ಕಣ್ಣು, ಕೊನೆಗೆ ಹಾಲಾದರೂ ಕುಡಿಯಲಿ ಎಂದ ಮಾತು ಎಲ್ಲ ಒಟ್ಟಿಗೆ ನೆನಪಾದವು. ಮರುದಿನ ಸೋಮವಾರ. ನಾನು ನನ್ನ ಕೈಯಾರೆ ಅವಳನ್ನು ಇಂಜೆಕ್ಷನಿಗೆ ಒಯ್ಯುವವಳಿದ್ದೆ, ಇವರು ಗೇಟಿನಲ್ಲಿ ನಿಂತು ಕಳಿಸಿಕೊಡುವವರಿದ್ದರು.

"ಒಂದು ಮಾತು ಹೇಳಬಹುದಿತ್ತಲ್ಲ ವಾರಿಜಕ್ಕ? ಬಾಯಿ, ನಿಮ್ಮ ನಾಯಿ ಬೊಗಳುತ್ತದೆ, ಮಗು ಏಳುತ್ತದೆ ಅಂತ. ಗೋಡೆಯ ಆ ಕಡೆ ನೀವು, ಈ ಕಡೆ ನಾನು. ದಿನಾ ಮಾತಾಡುತ್ತೇವೆ."

"ನೆರೆಕರೆಯವರ ಹತ್ತಿರ ಹಾಗೆಲ್ಲ ಹೇಳಲಿಕ್ಕಾಗುತ್ತದಾ? ನಿಮಗೆ ಬೇಜಾರಾಗುವುದಿಲ್ವಾ?" ಎಂದರು. ಆಮೇಲೆ, ನನ್ನ ಕಡೆ ನೋಡದೆ, ಬಟ್ಟೆ ಮಡಚುತ್ತಲೇ, "ಮಕ್ಕಳನ್ನು ಹೆತ್ತವರಿಗೆ ಗೊತ್ತು ಮಗುವಿನ ನಿದ್ದೆಯ ಬೆಲೆ" ಎಂದರು.

ನೂರಾರು ಹುಡುಗಿಯರ ನಿದ್ದೆಯನ್ನು ಕಾದವಳು ನಾನು. ಅವರ ಪರೀಕ್ಷೆಯ ಕಾಲದಲ್ಲಿ ಅಡುಗೆಯವರಿಗೆ ಪಾತ್ರೆ ಬಡಿಯಲು ಬಿಟ್ಟವಳಲ್ಲ. ಆದರೆ ಅದನ್ನೆಲ್ಲ ಆ ಜಗಲಿಯಲ್ಲಿ ಹೇಳಲಿಲ್ಲ. ಶೋಭಾಳಿಗೆ ಮಾತ್ರ ಹೇಳಿದೆ, "ನಿನ್ನ ಮಗುವಿಗೆ ಎಷ್ಟು ಸುತ್ತು ತೇಯುತ್ತಾರೆ ಅಂತ ನೀನೇ ನಿಂತು ನೋಡು." ಹೇಳಿ ಹೊರಟು ಬಂದೆ.

ಮನೆಗೆ ಬಂದು ಮಣಿಪಾಲಕ್ಕೆ ಫೋನ್ ಮಾಡಿದೆ. ನನ್ನ ಹಾಸ್ಟೆಲಿನಲ್ಲಿದ್ದ ಸುಮನಾ ಎಂಬ ಹುಡುಗಿ ಅಲ್ಲೇ ಡಾಕ್ಟರಾಗಿದ್ದಳು. ಮನುಷ್ಯರ ಡಾಕ್ಟರೇ, ಆದರೆ ಔಷಧ ವಿಷಗಳ ವಿಷಯ ಓದಿದವಳು. ಕೇಳಿಸಿಕೊಂಡು, "ಮೇಡಂ, ಅರ್ಧ ಜಾಯಿಕಾಯಿ ಅಷ್ಟು ಸಣ್ಣ ನಾಯಿಗೆ ತುಂಬ ಹೆಚ್ಚು. ದೊಡ್ಡವರಿಗೇ ಹೆಚ್ಚಾದರೆ ಎದೆ ಹಾರುತ್ತದೆ, ಭ್ರಮೆ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಸದ್ದಿಲ್ಲದೆ ಮಲಗಿಸಿ, ನೀರು ಕೊಡಿ. ಜೋರಾದರೆ ಕೂಡಲೇ ನಾಯಿ ಡಾಕ್ಟರ ಹತ್ತಿರ ಹೋಗಿ" ಎಂದಳು. ಕಿಟಕಿಗೆ ಕಂಬಳಿ ಕಟ್ಟಿ ಜೂಲಿಯ ಪಕ್ಕದಲ್ಲೇ ಕೂತೆ. ಕತ್ತಲಾಗುವಾಗ ನಡುಕ ಸಣ್ಣದಾಯಿತು. ಮರುದಿನ ಬೆಳಿಗ್ಗೆ ಜೂಲಿ ಎದ್ದು ನೀರು ಕುಡಿದು, ನಡಿಗೆಯ ಬೆಲ್ಟನ್ನು ಬಾಯಲ್ಲಿ ಕಚ್ಚಿಕೊಂಡು ಬಾಗಿಲ ಹತ್ತಿರ ನಿಂತಳು.

ಸೋಮವಾರ ಸಂಜೆ ಉಡುಪಿಗೆ ಹೋದೆ, ನಾಯಿಯನ್ನು ಬಿಟ್ಟು. ಹೇಳಬೇಕಾದದ್ದನ್ನು ಎದುರಿಗೇ ಹೇಳುವುದು ನನ್ನ ಅಭ್ಯಾಸ. ಡಾಕ್ಟರು ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ಅದನ್ನು ನೀವು ಮೊದಲೇ ಹೇಳಬೇಕಿತ್ತು ಅಮ್ಮ."

"ನೀವು ಮೊದಲೇ ಕೇಳಬೇಕಿತ್ತು" ಎಂದೆ. ಕಾಯುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ನೋಡಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದ್ದೆ.

ಅದೇ ವಾರ ಮೀನು ಮಾರುವವನನ್ನು ನಿಲ್ಲಿಸಿ, "ಮಾರಾಯ, ಹಾರ್ನನ್ನು ಓಣಿಯ ಆಚೆ ತುದಿಯಲ್ಲೇ ಒತ್ತು, ನಾವೇ ಅಲ್ಲಿಗೆ ಬರುತ್ತೇವೆ. ಇಲ್ಲೊಂದು ಹಸುಳೆ ಮಲಗಿರುತ್ತದೆ" ಎಂದೆ. "ಆಯಿತು ಬಾಯಿ, ಅದಕ್ಕೇನಂತೆ" ಎಂದ. ಅಂದಿನಿಂದ ಜೂಲಿ ಆ ಹೊತ್ತಿಗೆ ಬೊಗಳಲಿಲ್ಲ. ಮಗು ಎಚ್ಚರಾಗಲಿಲ್ಲ. ಇಷ್ಟೇ ಕೆಲಸವಿದ್ದದ್ದು. ಇಷ್ಟಕ್ಕೆ ಒಂದು ಜೀವ ಹೋಗುವುದರಲ್ಲಿತ್ತು.

ಓಣಿಯಲ್ಲಿ ಮಾತು ಬೇರೆಯೇ ಆಯಿತು. ಒಂದು ನಾಯಿಗೋಸ್ಕರ ಬಾಣಂತಿ ಇರುವ ಮನೆಗೆ ನುಗ್ಗಿ ಜಗಳ ಮಾಡಿದ ಹೆಂಗಸು ಎಂದು ನನಗೆ ಹೆಸರು ಬಂತು. "ಅವರು ಕೊಲ್ಲಬೇಕು ಅಂತ ಮಾಡಿದ್ದಾ? ಬಿಟ್ಟುಬಿಡಿ ಬಾಯಿ" ಎಂದು ಬುದ್ಧಿ ಹೇಳಲು ಬಂದವರೂ ಇದ್ದರು. ಕೊಲ್ಲಬೇಕೆಂದು ಮಾಡಿದ್ದಲ್ಲ, ಅದು ನನಗೂ ಗೊತ್ತು. ಬೇಜಾರಾಗುವ ಒಂದು ಮಾತನ್ನು ಎದುರಿಗೆ ಹೇಳುವುದರ ಬದಲು, ನಗುನಗುತ್ತಾ ಹಾಲಿನಲ್ಲಿ ಬೆರೆಸಿ ಕೊಡುವುದು ಅವರಿಗೆ ಸುಲಭವಾಗಿ ಕಂಡಿತು. ಅದನ್ನೇ ಎಲ್ಲರೂ ಒಳ್ಳೆಯತನ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಮುಖಕ್ಕೆ ಹೊಡೆದಂತೆ ಮಾತಾಡುವವರ ಮೇಲೆ ಅಂದಿನಿಂದ ನನಗೆ ಗೌರವ ಹೆಚ್ಚಾಗಿದೆ.

ಮಾರ್ಚಿನಲ್ಲಿ ಶೋಭಾ ಗಂಡನ ಮನೆಗೆ ಹೊರಡುವಾಗ ಮಗುವನ್ನು ಎತ್ತಿಕೊಂಡು ನನ್ನ ಗೇಟಿನವರೆಗೆ ಬಂದಳು. "ಹೋಗಿ ಬರುತ್ತೇನೆ ಬಾಯಿ. ಆ ಕಲ್ಲನ್ನು ನಾನೇ ಎತ್ತಿಟ್ಟಿದ್ದೇನೆ" ಎಂದಳು. ಮಗುವಿನ ಕೆನ್ನೆ ಮುಟ್ಟಿ ಕಳಿಸಿದೆ. ಅವಳ ತಾಯಿ ಮತ್ತು ನಾನು ಆಮೇಲೆ ಒಂದು ಮಾತನ್ನೂ ಆಡಿಲ್ಲ.

ಜೂಲಿ ಅದಾದ ಮೇಲೆ ಬಹಳ ವರ್ಷ ಬದುಕಿದಳು. ಮತ್ತೆ ಎಂದೂ ನಡುಗಲಿಲ್ಲ. ಆದರೆ ಪಕ್ಕದ ಮನೆಯಲ್ಲಿ ಯಾವ ಕಾರಣಕ್ಕಾದರೂ ಚಮಚ ಬಟ್ಟಲಿಗೆ ತಾಗಿ ಟಿಣ್ ಎಂದರೆ ಸಾಕು, ಮುದಿಯಾಗಿ ಕಾಲು ಎಳೆಯುವ ಕಾಲದಲ್ಲೂ ಎದ್ದು ಆ ಗೋಡೆಯ ಹತ್ತಿರ ಹೋಗಿ, ಕಿವಿ ಹಿಂದೆ ಮಾಡಿ, ಬಾಲ ಅಲ್ಲಾಡಿಸುತ್ತಾ ಮೇಲೆ ನೋಡಿಕೊಂಡು ನಿಲ್ಲುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ. ಬಹಳ ಹೊತ್ತು ಕಾದು ಹಿಂದಕ್ಕೆ ಬರುತ್ತಿದ್ದಳು. ಆರಿಹೋಯಿತೆಂದುಕೊಂಡ ನನ್ನ ಕೋಪ ಆ ಬಾಲವನ್ನು ನೋಡಿದಾಗಲೆಲ್ಲ ಮತ್ತೆ ಹೊತ್ತಿಕೊಳ್ಳುತ್ತಿತ್ತು.